ದೆಹಲಿಯಲ್ಲಿ ಅಗ್ಗದ ಜೀಪು: ಕೊಳ್ಳುವವರು ತಿಳಿಯಬೇಕಾದುದು

ದೆಹಲಿ, ಗುರುಗ್ರಾಮ, ನೋಯ್ಡಾಗಳ ಹೋಟೆಲುಗಳಲ್ಲಿಯೂ ಕಛೇರಿಗಳಲ್ಲಿಯೂ ಬಹುಕಾಲ ದುಡಿದು, ಊರಿಗೆ ಮರಳುವ ಯೋಚನೆಯಲ್ಲಿರುವ ನಮ್ಮವರ ನಡುವೆ ಒಂದು ಮಾತು ಆಗಾಗ ಕೇಳಿಬರುವುದುಂಟು. ಇಲ್ಲಿ ಹಳೆಯ ಫೋರ್‌ವೀಲ್ ಡ್ರೈವ್ ಗಾಡಿಗಳು ಅಗ್ಗ. ಒಂದನ್ನು ಕೊಂಡು ಸಾಗಿಸಿದರೆ ಮಳೆಗಾಲದಲ್ಲಿ ಮನೆಯ ಕೆಸರುದಾರಿಗೂ ಆಯಿತು, ಪ್ರವಾಸಿಗರನ್ನು ಗುಡ್ಡ ಹತ್ತಿಸಿ ನಾಲ್ಕು ಕಾಸು ಸಂಪಾದಿಸುವುದಕ್ಕೂ ಆಯಿತು ಎಂಬುದು ಆ ಮಾತಿನ ಸಾರ. ಕಳಸದ ಬಳಿಯ ಕ್ಯಾತನಮಕ್ಕಿಗೂ ಮಡಿಕೇರಿಯ ಕಡೆಯ ಮಾಂದಲಪಟ್ಟಿಗೂ ಜೀಪುಗಳು ಜನರನ್ನು ಹೊತ್ತು ಏರುವುದನ್ನು ಕಂಡವರಿಗೆ ಈ ಆಸೆ ಹುಟ್ಟುವುದು ಸಹಜವೇ. ಆದರೆ ಗುಮಾಸ್ತೆಯೊಬ್ಬನ ಭವಿಷ್ಯನಿಧಿ, ಅಡಿಗೆಯವನೊಬ್ಬನ ಹತ್ತು ವರ್ಷದ ಉಳಿತಾಯ ಇದರಲ್ಲಿ ತೊಡಗುವುದರಿಂದ, ಗಾಡಿ ಇಲ್ಲಿ ಅಗ್ಗವೇಕೆ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳುವುದು ಯುಕ್ತ.

ಗಾಡಿ ಕೆಟ್ಟಿರುವುದೇ ಅದಕ್ಕೆ ಕಾರಣವೆನ್ನುವಂತಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2014 ಮತ್ತು 2015ರಲ್ಲಿತ್ತ ಆಜ್ಞೆಗಳಿಂದ, ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳೂ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳೂ ಓಡತಕ್ಕದ್ದಲ್ಲವೆಂದಾಯಿತು. 2018ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟು ಇದನ್ನೇ ಜಾರಿಗೊಳಿಸುವಂತೆ ಹೇಳಿತು. 2025ರ ಆಗಸ್ಟ್ 12ರಂದು ಅದೇ ನ್ಯಾಯಾಲಯವು, ವಯಸ್ಸೊಂದನ್ನೇ ಕಾರಣವಾಗಿಟ್ಟುಕೊಂಡು ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದು ತಡೆಯಿತ್ತಿತು. ಡಿಸೆಂಬರ್ 17ರಂದು ಆ ರಕ್ಷಣೆಯನ್ನು ಭಾರತ್ ಸ್ಟೇಜ್ 4 ಮತ್ತು ಅದಕ್ಕೂ ಮೇಲಿನ ವಾಹನಗಳಿಗೆ ಮಾತ್ರ ಉಳಿಸಿತು. ಆದಕಾರಣ ಈಗ ವಯಸ್ಸಿನ ಜೊತೆಗೆ ಸ್ಟೇಜನ್ನೂ ನೋಡಬೇಕು. ಅದು ನೋಂದಣಿಯ ದಾಖಲೆಯಲ್ಲಿಯೇ ಇರುವುದು. ಇಷ್ಟಾದರೂ ಚಳಿಗಾಲದಲ್ಲಿ ಹೊಗೆ ಹೆಚ್ಚಿ ಮಾಲಿನ್ಯಕ್ರಮದ ಮೂರನೆಯ ಹಂತ ಜಾರಿಯಾದಾಗ, ಸ್ಟೇಜ್ 4ರ ಡೀಸೆಲ್ ಕಾರು ಜೀಪುಗಳು ದೆಹಲಿಯಲ್ಲಿಯೂ ಸುತ್ತಲ ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್, ಗೌತಮಬುದ್ಧ ನಗರಗಳಲ್ಲಿಯೂ ಮನೆಯ ಮುಂದೆಯೇ ನಿಲ್ಲಬೇಕಾಗುವುದು. ಒಂಬತ್ತು ವರ್ಷದ ಡೀಸೆಲ್ ಗಾಡಿಯನ್ನು ಇಲ್ಲಿಯ ಮಾಲೀಕನು ಬಂದ ಬೆಲೆಗೆ ಕೊಟ್ಟುಬಿಡಲು ಹೊರಡುವುದು ಇದರಿಂದಲೇ. ಆ ಗಾಡಿಗೆ ಕರ್ನಾಟಕದಲ್ಲಿ ಇನ್ನೂ ಆಯುಸ್ಸುಂಟು. 15 ವರ್ಷ ತುಂಬಿದ ಮೇಲೂ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ನೋಂದಣಿಯನ್ನು ನವೀಕರಿಸಬಹುದು.

ಹಾಗಾದರೆ ಲಾಭವೇ ತಾನೇ ಎಂದು ವಾಚಕರು ಕೇಳಬಹುದು. ಲಾಭವಿರಬಹುದು, ಅದು ಕಾಗದಗಳ ಲೆಕ್ಕ ಮುಗಿದ ಮೇಲೆ ತಿಳಿಯಬೇಕಾದ ಸಂಗತಿ. ಬೇರೆ ರಾಜ್ಯಕ್ಕೆ ಒಯ್ಯುವುದಾದರೆ ಇಲ್ಲಿಯ ಸಾರಿಗೆ ಕಛೇರಿಯ ನಿರಾಕ್ಷೇಪಣ ಪತ್ರ ಬೇಕು. ಅದಕ್ಕೆ 28ನೆಯ ನಮೂನೆ. ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು. ಗಾಡಿಯ ಮೇಲೆ ಬ್ಯಾಂಕಿನ ಸಾಲವಿದ್ದರೆ ಅದು ತೀರಿತೆಂಬುದಕ್ಕೆ 35ನೆಯದು. ಸಂಚಾರಿ ಪೋಲೀಸರ ದಂಡ ಬಾಕಿಯಿದೆಯೇ ಎಂಬುದನ್ನೂ ನೋಡಬೇಕು. ಹೋಟೆಲಿನ ಮಹಡಿಯಲ್ಲೇ ಮಲಗುವ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿಗೆ ದೆಹಲಿಯ ವಿಳಾಸದ ದಾಖಲೆಯೇ ಇರುವುದಿಲ್ಲ; ಆಧಾರ್ ಚೀಟಿಯಲ್ಲಿ ಊರಿನ ಮನೆಯ ಹೆಸರಿರುತ್ತದೆ. ಅಂಥವರು ಇಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಹೆಣಗುವುದಕ್ಕಿಂತ ನೇರವಾಗಿ ಊರಿನ ಕಛೇರಿಗೆ ಪತ್ರ ಪಡೆಯುವುದು ಮೇಲು. ಎಲ್ಲಕ್ಕೂ ಮುನ್ನ ಊರಿನಲ್ಲಿರುವ ತಮ್ಮನನ್ನೋ ಭಾವನನ್ನೋ ಆ ಸಾರಿಗೆ ಕಛೇರಿಗೆ ಕಳುಹಿಸಿ, ಇಂಥ ಮಾದರಿ, ಇಂಥ ವರ್ಷ, ಇಂಥ ಸ್ಟೇಜಿನ ಗಾಡಿಗೆ ಆಜೀವ ತೆರಿಗೆ ಎಷ್ಟಾಗುವುದೆಂದು ಕೇಳಿಸಬೇಕು. ಕರ್ನಾಟಕದ ಈ ತೆರಿಗೆ ಹಗುರವಾದುದಲ್ಲ. ದೆಹಲಿಯಲ್ಲಿ ಉಳಿಸಿದ ಹಣವನ್ನು ಅಲ್ಲಿ ತೆತ್ತು ಬರುವುದಾದರೆ ಇಷ್ಟು ದೂರದ ವ್ಯಾಪಾರವೇಕೆ?

ಪ್ರವಾಸಿಗರನ್ನು ಬಾಡಿಗೆಗೆ ಕೂಡಿಸುವ ಎಣಿಕೆಯುಳ್ಳವರು ಮತ್ತೂ ಒಂದನ್ನು ಗಮನಿಸಬೇಕು. ಬಿಳಿಯ ಫಲಕದ ಖಾಸಗಿ ಗಾಡಿ ಬಾಡಿಗೆಗೆ ಓಡತಕ್ಕದ್ದಲ್ಲ. ಹಳದಿ ಫಲಕ, ಪರವಾನಗಿ, ಅರ್ಹತಾಪತ್ರ, ಬಾಡಿಗೆ ವಾಹನದ ವಿಮೆ ಇವೆಲ್ಲ ಬೇಕು. ಅಪಘಾತವಾದ ದಿನ ಖಾಸಗಿ ವಿಮೆಯನ್ನು ತೋರಿಸಿದರೆ ವಿಮಾಸಂಸ್ಥೆ ಕೈತೊಳೆದುಕೊಳ್ಳುವ ಸಂಭವವಿದೆ. ಆಗ ಹೋಗುವುದು ಜೀಪು ಮಾತ್ರವಲ್ಲ, ಊರಿನ ತೋಟವೂ ಹೋದೀತು.

ಇನ್ನು ಗಾಡಿಯ ವಿಚಾರ. ನೋಟಕ್ಕೆ ಜೀಪಿನಂತಿರುವುದೆಲ್ಲ ಫೋರ್‌ವೀಲ್ ಡ್ರೈವ್ ಅಲ್ಲ. 2020ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರ್ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವಂಥದು. 2023ರ ಜನವರಿಯಲ್ಲಿ ಹಿಂದಿನ ಎರಡಕ್ಕಷ್ಟೇ ಶಕ್ತಿ ಹೋಗುವ ಥಾರ್ ಕೂಡ ಮಾರಾಟಕ್ಕೆ ಬಂತು. ಎರಡಕ್ಕೂ ಮುಖ ಒಂದೇ. ಸ್ಕಾರ್ಪಿಯೋ, ಬೊಲೆರೋಗಳಲ್ಲಂತೂ ಎರಡು ಚಕ್ರದವೇ ಹೆಚ್ಚು. ಹಿಂಬದಿಗೆ ಅಂಟಿಸಿದ ಅಕ್ಷರಗಳನ್ನು ನಂಬದೆ ನೆಲಕ್ಕೆ ಮಲಗಿ ನೋಡಬೇಕು: ಮುಂದಿನ ಚಕ್ರಗಳ ನಡುವೆ ಗುಂಡಾದ ಡಿಫರೆನ್ಷಿಯಲ್ ಪೆಟ್ಟಿಗೆಯೂ ಅದಕ್ಕೆ ನಡುವಿನಿಂದ ಬರುವ ದಂಡವೂ ಇದ್ದರೆ ಸರಿ. ಒಳಗೆ ಗೇರಿನ ಕಡ್ಡಿಯ ಪಕ್ಕದಲ್ಲಿ ಮತ್ತೊಂದು ಚಿಕ್ಕ ಕಡ್ಡಿಯೋ ಗುಂಡಿಯೋ ಇರುತ್ತದೆ. ಗುರುಗ್ರಾಮದಲ್ಲಿಯೇ ತಯಾರಾಗುತ್ತಿದ್ದ ಮಾರುತಿ ಜಿಪ್ಸಿ 1985ರಲ್ಲಿ ಬಂದು 2019ರ ವೇಳೆಗೆ ನಿಂತುಹೋಯಿತು. ಅದು ಹಗುರ, ಸರಳ, ಪೆಟ್ರೋಲಿನದು. ಎಣ್ಣೆ ಹೆಚ್ಚು ಕುಡಿಯುತ್ತದೆ, ಆದರೆ ಹಳ್ಳಿಯ ಮೇಸ್ತ್ರಿಯೂ ರಿಪೇರಿ ಮಾಡಬಲ್ಲ. ಹೊಸಬರಿಗೆ, ಸ್ಥಿತಿ ಚೆನ್ನಾಗಿದ್ದರೆ, ನಮ್ಮ ಒಲವು ಅದರ ಕಡೆಗೇ.

ಪರೀಕ್ಷೆಯನ್ನು ಮಣ್ಣಿನ ಬಯಲಿನಲ್ಲಿಯೇ ಮಾಡತಕ್ಕದ್ದು. ಇಂಥ ಹಳೆಯ ಗಾಡಿಗಳಲ್ಲಿ ಚಿಕ್ಕ ಕಡ್ಡಿಯನ್ನು ಎಳೆದೊಡನೆ ಮುಂದಿನ ದಂಡವೂ ಹಿಂದಿನ ದಂಡವೂ ಒಂದಕ್ಕೊಂದು ಬಿಗಿದುಕೊಳ್ಳುವುವು. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸಾಗಬೇಕಾಗುವುದರಿಂದ, ಒಣಗಿದ ಡಾಂಬರಿನ ಮೇಲೆ ಆ ವ್ಯತ್ಯಾಸ ಜಾರಿಹೋಗಲಾರದೆ ಹಲ್ಲುಚಕ್ರಗಳನ್ನು ಹಿಂಡುತ್ತದೆ. ಹಿಂದಿನ ಮಾಲೀಕನು ಇದನ್ನರಿಯದೆ ಪೇಟೆಯಲ್ಲೆಲ್ಲ ಹಾಗೆಯೇ ಓಡಿಸಿದ್ದರೆ, ಕಡ್ಡಿ ಎಳೆದಾಗ ಕರಕರ ಸದ್ದು ಕೇಳಿಸುವುದು, ಇಲ್ಲವೇ ಗೇರು ತಾನಾಗಿ ಹೊರಬೀಳುವುದು. ಗಾಡಿಯನ್ನು ನಿಲ್ಲಿಸಿ ಕೆಳಗೇರಿಗೂ ಹಾಕಿಸಬೇಕು. ಆಗ ವೇಗ ತೀರ ಇಳಿದು ಎಳೆಯುವ ಬಲ ಹೆಚ್ಚಬೇಕು. ಕೆಲವು ಹಳೆಯ ಗಾಡಿಗಳಲ್ಲಿ ಮುಂದಿನ ಚಕ್ರದ ನಡುವೆ ಕೈಯಿಂದ ತಿರುಗಿಸುವ ಬಿಲ್ಲೆಯಿರುತ್ತದೆ. ಅದು ತುಕ್ಕು ಹಿಡಿದಿದ್ದರೆ ಒಳಗೆ ಕಡ್ಡಿ ಎಳೆದರೂ ಚಕ್ರಕ್ಕೆ ಸುದ್ದಿಯೇ ಮುಟ್ಟದು.

2023ರ ಜುಲೈ 13ರಂದು ಯಮುನೆ ಹಳೆಯ ರೈಲ್ವೆ ಸೇತುವೆಯ ಬಳಿ 208.66 ಮೀಟರಿಗೇರಿ ತಗ್ಗು ಬಡಾವಣೆಗಳಿಗೆ ನುಗ್ಗಿದ್ದು ಎಲ್ಲರಿಗೂ ನೆನಪಿರಬಹುದು. ನೆಲಹಾಸನ್ನು ಎತ್ತಿ, ಮೂಲೆಗಳಲ್ಲಿ ಒಣಗಿದ ರೇವೆಯಿದೆಯೇ, ಆಸನದ ತಿರುಪುಗಳು ತುಕ್ಕು ಹಿಡಿದಿವೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ. ಎಂಜಿನನ್ನು ಮುಂಜಾನೆ, ಅದು ತಣ್ಣಗಿರುವಾಗ ಹೊತ್ತಿಸಿ ನೋಡುವುದು ಲೇಸು. ಹೋಟೆಲಿನ ಕೆಲಸದವರು ಹೇಗೂ ಆ ಹೊತ್ತಿಗೆ ಎದ್ದಿರುತ್ತಾರೆ!

ಬಿಚ್ಚಿ ಜೋಡಿಸಿದ ಜೀಪುಗಳ ವಿಷಯದಲ್ಲಿ ನಮಗೆ ಧೈರ್ಯ ಸಾಲದು. ಹರಿಯಾಣದ ಮಂಡಿ ಡಬ್ವಾಲಿ ಇಂಥ ಜೀಪುಗಳಿಗೆ ಹೆಸರುವಾಸಿ, ಕೈಚಳಕ ಮೆಚ್ಚತಕ್ಕದ್ದೇ. ಆದರೆ ತಯಾರಕರು ಕೊಟ್ಟ ರೂಪವನ್ನು ಬದಲಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಎಂಜಿನ್ ಮತ್ತು ಚಾಸಿಯ ಸಂಖ್ಯೆಗಳ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ, ಮೂಡಿದ ಅಂಕಿಗಳನ್ನು ನೋಂದಣಿ ಪತ್ರದೊಡನೆ ಹೋಲಿಸಬೇಕು. ಒಂದಂಕಿ ತಪ್ಪಿದರೂ ನಮಸ್ಕಾರ ಹೇಳಿ ಹೊರಡುವುದು.

ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು, ಒಂದು ಪಾಲನ್ನು ನಿರಾಕ್ಷೇಪಣ ಪತ್ರ ಕೈಗೆ ಬರುವವರೆಗೆ ತಡೆದಿಡಬೇಕು. ಊರಿನವರೆಗೆ ಎರಡು ಸಾವಿರ ಕಿಲೋಮೀಟರಿಗೂ ಮಿಗಿಲಾದ ದಾರಿ. ಹೊಸಬರು ಪರಿಚಯವಿಲ್ಲದ ಗಾಡಿಯನ್ನು ಅಷ್ಟು ದೂರ ಓಡಿಸುವುದಕ್ಕಿಂತ ಲಾರಿಯಲ್ಲಿ ಹೇರಿಸಿ ಕಳುಹಿಸುವುದು ಕ್ಷೇಮ. ಹೇಗೂ ಹೋಗುತ್ತಿದೆಯೆಂದು ಅದರೊಳಗೆ ಪಾತ್ರೆಪಗಡಿ, ಹಾಸಿಗೆಗಳನ್ನು ತುಂಬಿಸುವ ಆಸೆ ಮಾತ್ರ ಬೇಡ. ಅವುಗಳಿಗೆ ಸಾಗಣೆಯವರು ಹೊಣೆಯಾಗುವುದು ಅಪರೂಪ.