ಹೆರಿಗೆ ಬ್ಯಾಗಿನಲ್ಲಿ ರೊಕ್ಕ ಯಾಕೆ?

ಚೊಚ್ಚಲ ಹೆರಿಗೆಗೆ ನಿಡಗುಂದಿಯ ತವರಿಗೆ ಬಂದಿದ್ದ ತಂಗಿಯ ಬ್ಯಾಗ್ ತುಂಬುವಾಗ ನಾನೂ ಕೂತಿದ್ದೆ. ಅವ್ವ ಮೊದಲು ಇಟ್ಟಿದ್ದು ಒಗೆದು ಬಿಸಿಲಿಗೆ ಒಣಗಿಸಿದ ಹಳೇ ಕಾಟನ್ ಸೀರೆಯ ತುಂಡುಗಳು, ಕುಂಚಿಗಿ, ಸಣ್ಣ ಕೌದಿ. ಆಮೇಲೆ ನೈಟಿ, ಪ್ಯಾಡ್, ಫ್ಲಾಸ್ಕ್. ಎಂಜಿನಿಯರಿಂಗ್ ಓದಿದವನ ಪಾಲಿಗೆ ಬಂದದ್ದು ಜೆರಾಕ್ಸ್ ಕೆಲಸ: ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಸ್ಕ್ಯಾನಿಂಗ್ ವರದಿ. ತಾಯಿ ಕಾರ್ಡ್ ಮಾತ್ರ ಎಲ್ಲಕ್ಕಿಂತ ಮೇಲಿರಲಿ. ತಪಾಸಣೆಯ ವಿವರವೆಲ್ಲ ಅದರಲ್ಲೇ ಇರ್ತದೆ. ಹೊತ್ತಲ್ಲದ ಹೊತ್ತಲ್ಲಿ ಹೋದರೆ ಮೊದಲು ಕೇಳೋದು ಅದನ್ನೇ.

ಕೊನೆಗೆ ಅವ್ವ ಸೀರೆ ಮಡಿಕೆಯೊಳಗೆ ಒಂದಿಷ್ಟು ನೋಟು ಸೇರಿಸಿದಳು.

"ಸರ್ಕಾರಿ ದವಾಖಾನ್ಯಾಗ ಎಲ್ಲಾ ಫ್ರೀ ಐತಲ್ಲ ಬೇ?"

"ನಿಮ್ಮಕ್ಕನ ಸರ್ತಿ ಬ್ಯಾರೆ ಊರಾಗೂ ಫ್ರೀನ ಇತ್ತು. ಕೂಸಿನ ಮುಖ ತೋರಸಾಕ ರೊಕ್ಕ ಕೇಳಿದ್ರು."

2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಷ್ಟೇ ಅಲ್ಲ, ಸಿಸೇರಿಯನ್, ಔಷಧಿ, ತಪಾಸಣೆ, ರಕ್ತ ಕೂಡ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನದವರೆಗೆ ಊಟ. ಹೋಗಲು, ಮನೆಗೆ ಮರಳಲು ವಾಹನ. ಹೊರಗಿಂದ ಔಷಧಿ ತರಲು ಚೀಟಿ ಬರೆದರೆ ಯಾಕೆಂದು ಕೇಳಿ, ಬಿಲ್ ಇಟ್ಕೊಳ್ಳಿ. 'ಖುಷಿಗೆ ಕೊಡಿ' ಅನ್ನೋದು ಯಾವ ಆದೇಶದಲ್ಲೂ ಇಲ್ಲ.

ಇಷ್ಟನ್ನೂ ಹಾಳೆಯಲ್ಲಿ ಬರೆದು ತಾಯಿ ಕಾರ್ಡಿನ ಜೊತೆ ಇಟ್ಟೆ. ಅವ್ವ ಓದಿದಳು. ನೋಟು ಮಾತ್ರ ತೆಗೀಲಿಲ್ಲ.