ಹಿತ್ತಿಲಿಗೆ ಬಂದ ವಸಂತ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೊರಟುಹೋಗುತ್ತೆ ಅನ್ನುವುದು ಹಳೆಯ ಮಾತು. ಪಂಚಾಂಗದ ಪ್ರಕಾರ ವಸಂತ ಋತು ಶುರುವಾಗುವುದು ಚೈತ್ರದಲ್ಲಿ, ಯುಗಾದಿಯ ದಿನ. ಆದರೆ ಗಿಡಮರಗಳು, ಹಕ್ಕಿಗಳು ಪಂಚಾಂಗ ನೋಡುತ್ತವೆಯೇ? ಮಾಘ ಮಾಸದಲ್ಲೇ ಅವುಗಳ ಸಡಗರ ಶುರು. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಹಿತ್ತಿಲ ಬಾಗಿಲಲ್ಲಿ ಐದು ನಿಮಿಷ ನಿಂತರೆ ಸಾಕು, ಎಷ್ಟೋ ಕಾಣುತ್ತೆ. ಇದಕ್ಕೆ ದುಡ್ಡೂ ಬೇಡ, ದುರ್ಬೀನೂ ಬೇಡ. ಹಾಲು ಉಕ್ಕದಂತೆ ಒಂದು ಕಣ್ಣಿಟ್ಟಿದ್ದರಾಯಿತು!

ಎಲೆಯಿಲ್ಲದ ಮರಕ್ಕೆ ಹೂವಿನ ಸೀರೆ

ಫೆಬ್ರವರಿ-ಮಾರ್ಚ್‌ನಲ್ಲಿ ಭದ್ರಾವತಿ, ತರೀಕೆರೆ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಪಕ್ಕ ಕೂತುಕೊಳ್ಳಿ. ಕಾಡೆಲ್ಲ ಬೋಳು, ತೇಗದ ಎಲೆಗಳು ಉದುರಿ ಬಿದ್ದಿರುತ್ತವೆ. ಅದರ ಮಧ್ಯೆ ಬೆಂಕಿ ಹತ್ತಿದ ಹಾಗೆ ಕೇಸರಿ ಬಣ್ಣ ಕಂಡರೆ ಅದು ಮುತ್ತುಗ. ನಾವು ಊಟದ ಎಲೆ ಹಚ್ಚುವ ಅದೇ ಮರ. ಇದರ ಹೂವನ್ನು ನೀರಲ್ಲಿ ಕುದಿಸಿ ಹೋಳಿಗೆ ಬಣ್ಣ ಮಾಡುತ್ತಿದ್ದರು. ಬೂರುಗದ ಮರದಲ್ಲೂ ಅಷ್ಟೇ, ಎಲೆ ಒಂದೂ ಇಲ್ಲ, ಅಂಗೈಯಗಲದ ಕೆಂಪು ಹೂ. ಮಕರಂದಕ್ಕೆ ಕಾಗೆ, ಮೈನಾ, ಕಾಜಾಣಗಳದ್ದು ಮದುವೆ ಮನೆಯ ಗದ್ದಲ. ಎಲೆಗಳ ಮರೆಯಿಲ್ಲದ್ದರಿಂದ ಹೂ ದೂರಕ್ಕೂ ಕಾಣುತ್ತೆ. ಬಂದ ಹಕ್ಕಿಗಳ ಮುಖಕ್ಕೆ ಪರಾಗ ಮೆತ್ತಿಕೊಂಡು ಇನ್ನೊಂದು ಮರಕ್ಕೆ ಹೋಗುತ್ತೆ. ಊಟ ಹಾಕಿ ಕೆಲಸ ಮಾಡಿಸಿಕೊಳ್ಳುವ ಜಾಣತನ!

ಕಿವಿಗೆ ಬರುವ ಸುದ್ದಿ

ನಮ್ಮ ಅತ್ತೆಯವರಿಗೆ ಕಣ್ಣು ಪೂರಾ ಮಂಜಾಗಿದೆ. ಕಾಲ ತಿಳಿಯುವುದು ಕಿವಿಯಿಂದಲೇ. “ಕಂಚುಗಾರ ಕುಟ್ಟೋಕೆ ಶುರುಮಾಡಿದ, ಇನ್ನು ಬಿಸಿಲು ಏರುತ್ತೆ ಕಣೇ, ಹಪ್ಪಳದ ಹಿಟ್ಟಿಗೆ ಉದ್ದು ಬೀಸಿಸಿ ಇಟ್ಟುಕೋ” ಅನ್ನುತ್ತಾರೆ. ‘ಟುಕ್ ಟುಕ್ ಟುಕ್’ ಅಂತ ತಾಮ್ರದ ಪಾತ್ರೆ ಬಡಿದಂತೆ ಕೂಗುವ ಪುಟ್ಟ ಹಸಿರು ಹಕ್ಕಿ ಅದು, ಹಣೆಗೆ ಕುಂಕುಮವಿಟ್ಟ ಹಾಗೆ ಕೆಂಪು. ನುಗ್ಗೆಯಂಥ ಮೆದು ಮರದ ಒಣಕೊಂಬೆ ಕೊರೆದು ಗೂಡು ಮಾಡುತ್ತೆ.

ಕೋಗಿಲೆ ವಸಂತಕ್ಕೆ ಎಲ್ಲಿಂದಲೋ ಬರುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಅದು ವರ್ಷವಿಡೀ ನಮ್ಮೂರಲ್ಲೇ ಇರುತ್ತೆ, ಚಳಿಗಾಲದಲ್ಲಿ ಬಾಯಿ ಮುಚ್ಚಿಕೊಂಡಿರುತ್ತೆ ಅಷ್ಟೆ. ‘ಕುಹೂ’ ಅನ್ನುವುದು ಕೆಂಗಣ್ಣಿನ ಕಪ್ಪು ಗಂಡು. ಹೆಣ್ಣು ಕಂದು ಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ. ಅದು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತೆ. ಹಾಗಾಗಿ ಕಾಗೆಗೆ ಗೂಡು ಕಟ್ಟಲು ಮರವಿದ್ದರೆ ಮಾತ್ರ ಕೋಗಿಲೆಯ ವಂಶ ಬೆಳೆಯುವುದು.

ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಖಾಲಿ ಸೈಟಿನಲ್ಲಿದ್ದ ಹಳೆಯ ಮಾವಿನ ಮರವನ್ನು ಮನೆ ಕಟ್ಟಲು ಕಡಿದರು. ಅವರ ಜಾಗ, ಅವರ ಅಗತ್ಯ, ಯಾರನ್ನೂ ದೂರುವ ಹಾಗಿಲ್ಲ. ಆ ಸಲ ಯುಗಾದಿ ಕಳೆದ ಮೇಲೆ ಅತ್ತೆ ಕೇಳಿದರು: “ಏನೇ, ಈ ವರ್ಷ ಕೋಗಿಲೆ ಹತ್ತಿರ ಕೂಗಲೇ ಇಲ್ಲವಲ್ಲ, ನನಗೆ ಕಿವೀನೂ ಹೋಯಿತೇನು?” ನನ್ನ ಕಣ್ಣು ತುಂಬಿಬಂತು. ಕಾರು ನಿಲ್ಲಿಸೋಕೆ ಹಿತ್ತಿಲಿಗೆಲ್ಲ ಸಿಮೆಂಟು ಹಾಕಿಸೋಣ ಅಂತಿದ್ದ ಮಗನೂ ಅದನ್ನು ಕೇಳಿಸಿಕೊಂಡ. ಕೊನೆಗೆ ಚಕ್ರ ಓಡುವಷ್ಟು ಎರಡು ಪಟ್ಟಿಗೆ ಮಾತ್ರ ಸಿಮೆಂಟು ಬಿತ್ತು. ನಮ್ಮ ಮಾವು, ನುಗ್ಗೆ ಎರಡೂ ಉಳಿದವು.

ಹಿತ್ತಿಲಲ್ಲಿ ಇಣುಕಿ ನೋಡಿ

ಮಾವಿನ ಹೂಗೊಂಚಲ ಹತ್ತಿರ ಹೋಗಿ ಸುಮ್ಮನೆ ನಿಲ್ಲಿ. ಜೇನು, ನೊಣಗಳ ಗುಂಯ್‌ಗುಡುವಿಕೆ ಕೇಳುತ್ತೆ. ನೊಣ ಅಂತ ಮೂಗು ಮುರಿಯಬೇಡಿ, ಮಾವು ಕಾಯಿ ಕಚ್ಚಲು ಅವುಗಳ ಸಹಾಯ ಬಹಳ. ದಾಸವಾಳದ ಹತ್ತಿರ ಸೂರಕ್ಕಿ ಜೇಡರ ಬಲೆ, ನಾರು, ಒಣ ಕಸ ಸೇರಿಸಿ ಚೀಲದಂಥ ಗೂಡು ನೇತುಹಾಕುತ್ತೆ. ಟುವ್ವಿ ಹಕ್ಕಿಯಂತೂ ಅಗಲ ಎಲೆಯ ಅಂಚುಗಳನ್ನು ಹತ್ತಿಯ ಎಳೆಯಿಂದ ಹೊಲಿದೇಬಿಡುತ್ತೆ, ನಮ್ಮ ಹೊಲಿಗೆ ಕ್ಲಾಸಿಗೆ ಬಾರದೆಯೇ! ತರಗೆಲೆಗಳ ಮೇಲೆ ಗುಂಪಾಗಿ ಕೂತು ಕಚಪಚ ಅನ್ನುವ ಹರಟೆಮಲ್ಲಗಳು ಎಲೆ ಮಗುಚಿ ಹುಳು ಹೆಕ್ಕುತ್ತವೆ. ಹೊಂಗೆ ಎಲೆ ಉದುರಿಸಿದ ಕೆಲವೇ ದಿನದಲ್ಲಿ ಮಿರಮಿರ ಮಿಂಚುವ ಚಿಗುರು ತರುತ್ತೆ.

ನಾವು ಮಾಡಬಹುದಾದ್ದು

* ತರಗೆಲೆಗೆ ಬೆಂಕಿ ಹಾಕಬೇಡಿ. ಗಿಡಗಳ ಬುಡಕ್ಕೆ ಹರಡಿದರೆ ತೇವ ಉಳಿಯುತ್ತೆ, ಮಳೆಗಾಲದ ಹೊತ್ತಿಗೆ ಗೊಬ್ಬರವೂ ಆಗುತ್ತೆ. ಕಾಡಿನ ದಾರಿಯಲ್ಲಂತೂ ಬೆಂಕಿಕಡ್ಡಿಯ ಬಗ್ಗೆ ಎಚ್ಚರ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು.
* ಮಾವು ಪೂರ್ತಿ ಅರಳಿದಾಗ ಔಷಧಿ ಹೊಡೆಸಬೇಡಿ, ಜಿಗಿಹುಳುವಿನ ಜೊತೆಗೆ ಜೇನೂ ಸಾಯುತ್ತೆ. ಹೊಡೆಸಲೇಬೇಕಾದರೆ ಹೂ ಅರಳುವ ಮುಂಚೆಯೇ ತೋಟಗಾರಿಕೆ ಇಲಾಖೆಯವರನ್ನು ಕೇಳಿ.
* ಕೊಂಬೆ ಸವರುವ ಮುಂಚೆ ಗೂಡಿದೆಯೇ ನೋಡಿ. ಮರಿ ಹಾರುವ ತನಕ ಕಾಯಿರಿ.
* ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ಆಳದ ನೀರು, ಮಧ್ಯೆ ಒಂದು ಕಲ್ಲು ಇಡಿ. ದಿನಾ ತೊಳೆದು ಹೊಸ ನೀರು ಹಾಕಿ, ಇಲ್ಲದಿದ್ದರೆ ಸೊಳ್ಳೆಯಾದೀತು.

ಇನ್ನೊಂದು ಸಣ್ಣ ಕೆಲಸ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ ಮೊದಲ ಕೋಗಿಲೆ ಕೂಗಿದ ದಿನ, ಮಾವು ಹೂಬಿಟ್ಟ ದಿನ, ಹೊಂಗೆ ಚಿಗುರಿದ ದಿನ ಗುರುತು ಹಾಕಿ. ಹಳೆಯ ಕ್ಯಾಲೆಂಡರ್ ರದ್ದಿಗೆ ಹಾಕದೆ ಇಟ್ಟುಕೊಳ್ಳಿ. ನಾಲ್ಕು ವರ್ಷ ಕಳೆಯಲಿ, ನಿಮ್ಮೂರಿನ ವಸಂತ ಬೇಗ ಬಂತೋ ತಡವಾಯಿತೋ ಅನ್ನುವುದನ್ನು ನೀವೇ ನಾಲ್ಕು ಜನಕ್ಕೆ ಹೇಳಬಹುದು.