ಬಿಸಿಲಿಗೆ ಹದಿನಾರು, ಜಗಲಿಗೆ ನಾಲ್ಕು

ಹೋದ ದೀಪಾವಳಿಗೆ ಬೆಂಗಳೂರಿನಿಂದ ಸಾಗರಕ್ಕೆ ಬಂದ ಮಗ ಅಟ್ಟ ಹತ್ತಿ ನನ್ನ ಅಪ್ಪನ ಹಳೇ ಯಾಶಿಕಾ ಕ್ಯಾಮೆರಾ ಇಳಿಸಿಕೊಂಡು ಬಂದ. ಧೂಳು ಒರೆಸಿದ. ಲೆನ್ಸಿಗೆ ಸ್ವಲ್ಪ ಬೂಷ್ಟು ಹಿಡಿದಿತ್ತು, ಅಷ್ಟೇ. ಶಟರ್ ಒತ್ತಿದರೆ ಮೊದಲಿನ ಹಾಗೇ 'ಟಿಕ್' ಅಂತ ಸದ್ದು ಬಂತು. ಆದರೆ ಮೇಲಿನ ಮುಚ್ಚಳ ತೆರೆದಾಗ ಅಲ್ಲಾಡಬೇಕಿದ್ದ ಮೀಟರಿನ ಮುಳ್ಳು ಮಾತ್ರ ಅಲ್ಲಾಡಲಿಲ್ಲ. ಅದಕ್ಕೆ ಬೇಕಾದ ಪಾದರಸದ ಸೆಲ್ ಈಗ ತಯಾರಾಗುವುದೇ ಇಲ್ಲ.

"ಅಮ್ಮ, ಮೀಟರ್ ಸತ್ತೋಗಿದೆ. ಫಿಲ್ಮ್ ರೋಲಿಗೆ ದುಡ್ಡು ಕೊಟ್ಟು ಬಂದಿದೀನಿ. ಬೆಳಕು ಎಷ್ಟಿದೆ ಅಂತ ಹೇಗೆ ಗೊತ್ತಾಗತ್ತೆ?" ಅಂದ.

ಆರಾಮ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಕಣ್ಣು ಬಿಡದೇ ನಕ್ಕರು. "ಅದು ಬದುಕಿದ್ದಾಗಲೂ ನಾನು ಅದನ್ನ ಕೇಳ್ತಿರಲಿಲ್ಲ ಮಾರಾಯ. ಅಂಗಳಕ್ಕೆ ಬಾ, ಕೈ ಚಾಚು."

ಆ ಮಾತು ಕೇಳಿದ್ದೇ ನನಗೆ ನಲವತ್ತು ವರ್ಷ ಹಿಂದಿನ ಒಂದು ಮದುವೆ ಮನೆ ನೆನಪಾಯಿತು. ಅದನ್ನು ನಾನು ಇಷ್ಟು ದಿನ ಯಾರಿಗೂ ಸರಿಯಾಗಿ ಹೇಳಿರಲಿಲ್ಲ.

ಅಪ್ಪನ ಅಂಗೈ

ಅಪ್ಪನದು ಪೇಟೆಯಲ್ಲಿ ಒಂದು ಸಣ್ಣ ಸ್ಟುಡಿಯೋ. ಮುಂದೆ ಗಾಜಿನ ಶೋಕೇಸು, ನಡುವೆ ಬಣ್ಣದ ಪರದೆ, ಹಿಂದೆ ಕೆಂಪು ಬಲ್ಬಿನ ಡಾರ್ಕ್ ರೂಮು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೋಲುಗಳ ಕಾಲ ಅದು. ಶಾಲೆಯಿಂದ ಬಂದವಳು ನಾನು ಡೆವಲಪರ್ ತಟ್ಟೆ ಅಲ್ಲಾಡಿಸುತ್ತಾ, ಹೈಪೋ ವಾಸನೆ ಕುಡಿಯುತ್ತಾ ಬೆಳೆದೆ.

ಅಪ್ಪ ಎಲ್ಲಿಗೆ ಫೋಟೋ ತೆಗೆಯಲು ಹೋದರೂ ಮೊದಲು ಒಂದು ಕೆಲಸ ಮಾಡುತ್ತಿದ್ದರು. ಎಡಗೈ ಅಂಗೈ ಬಿಡಿಸಿ ಹಿಡಿದು, ಅದರ ಮೇಲೆ ಬಲಗೈ ತೋರುಬೆರಳು ಅಡ್ಡ ಇಟ್ಟು ನೆರಳು ನೋಡುತ್ತಿದ್ದರು. ನೋಡಿದವರು ಶಾಸ್ತ್ರ ಹೇಳುತ್ತಾರೇನೋ ಅಂದುಕೊಳ್ಳಬೇಕು. ಒಂದು ಕ್ಷಣ ಅಷ್ಟೇ. ಆಮೇಲೆ ಕ್ಯಾಮೆರಾದ ಎರಡು ಚಕ್ರ ತಿರುಗಿಸಿ ಕ್ಲಿಕ್ ಮಾಡುತ್ತಿದ್ದರು.

ಲೆಕ್ಕ ಬಹಳ ಸರಳ. ಕ್ಯಾಮೆರಾದೊಳಗೆ ಬೆಳಕು ಬರುವುದನ್ನು ಎರಡು ಕಡೆ ಹಿಡಿತದಲ್ಲಿ ಇಡಬಹುದು. ಒಂದು ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್. ಇನ್ನೊಂದು ಆ ಕಿಂಡಿ ಎಷ್ಟು ಹೊತ್ತು ತೆರೆದಿರಬೇಕು ಅನ್ನುವ ಶಟರ್. ಕಿಂಡಿಯ ಮೇಲೆ 4, 5.6, 8, 11, 16, 22 ಅಂತ ಬರೆದಿರುತ್ತದೆ. ನಂಬರು ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಒಂದೊಂದು ನಂಬರಿಗೆ ಬೆಳಕು ಅರ್ಧ ಆಗುತ್ತಾ ಹೋಗುತ್ತದೆ. ಶಟರಿನ 1/30, 1/60, 1/125, 1/250 ಸೆಕೆಂಡುಗಳೂ ಹಾಗೇ, ಒಂದಕ್ಕಿಂತ ಒಂದು ಅರ್ಧ. ಈ ಒಂದೊಂದು ಅರ್ಧಕ್ಕೆ ಇಂಗ್ಲಿಷಿನಲ್ಲಿ ಸ್ಟಾಪ್ ಅನ್ನುತ್ತಾರೆ. ಅಪ್ಪ 'ಮೆಟ್ಟಿಲು' ಅನ್ನುತ್ತಿದ್ದರು.

ಇನ್ನು ಫಿಲ್ಮಿಗೆ ಒಂದು ವೇಗ ಇರುತ್ತದೆ. ಆಗ ಎಎಸ್‌ಎ ಅನ್ನುತ್ತಿದ್ದೆವು, ಈಗ ಐಎಸ್‌ಒ ಅನ್ನುತ್ತಾರೆ. ನಡು ಹಗಲಿನ ಒಳ್ಳೇ ಬಿಸಿಲಿನಲ್ಲಿ ಕಿಂಡಿ 16ಕ್ಕೆ ಇಟ್ಟರೆ, ಶಟರು ಫಿಲ್ಮಿನ ವೇಗದಷ್ಟೇ ಇರಬೇಕು. 125ರ ಫಿಲ್ಮಿಗೆ 1/125, 400ರ ಫಿಲ್ಮಿಗೆ 1/400ರ ಹತ್ತಿರದ್ದು, ಅಂದರೆ 1/500. ಸೂರ್ಯ ಸಾಗರದಲ್ಲೂ ಅವನೇ, ದಿಲ್ಲಿಯಲ್ಲೂ ಅವನೇ. ತಿಳಿ ಆಕಾಶದ ಮಧ್ಯಾಹ್ನದ ಬಿಸಿಲು ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ಅದಕ್ಕೇ ಈ ಲೆಕ್ಕ ನಿಲ್ಲುತ್ತದೆ. ಅದನ್ನು ಹಿಡಿದುಕೊಂಡು ಉಳಿದದ್ದನ್ನೆಲ್ಲ ಮೆಟ್ಟಿಲು ಇಳಿದ ಹಾಗೆ ಲೆಕ್ಕ ಹಾಕಬಹುದು.

ಆ ಮದುವೆ

1984ರ ಮೇ ತಿಂಗಳು. ನನಗೆ ಹತ್ತೊಂಬತ್ತು. ಸಾಗರದಿಂದ ಸ್ವಲ್ಪ ದೂರದ ಒಂದು ಅಡಿಕೆ ತೋಟದ ಮನೆಯಲ್ಲಿ ಮದುವೆ. ಹಿಂದಿನ ರಾತ್ರಿ ಅಪ್ಪನಿಗೆ ಜೋರು ಜ್ವರ ಬಂತು. ಬೇರೆಯವರಿಗೆ ಹೇಳೋಣ ಅಂದರೆ ಲಗ್ನದ ಸೀಸನ್, ಯಾರೂ ಬಿಡುವಿಲ್ಲ. "ನೀನೇ ಹೋಗು ಪುಟ್ಟಿ" ಅಂದರು. ಕ್ಯಾಮೆರಾ, ಫ್ಲ್ಯಾಶು, ನಾಲ್ಕು ರೋಲು ಕೈಗಿತ್ತರು. ಒಂದು ರೋಲಿಗೆ ಹನ್ನೆರಡೇ ಫೋಟೋ.

ಧಾರೆ, ಸಪ್ತಪದಿ ಎಲ್ಲ ಚೆನ್ನಾಗಿ ಆಯಿತು. ಫ್ಲ್ಯಾಶ್ ಇತ್ತು, ಧೈರ್ಯ ಇತ್ತು. ಊಟದ ಹೊತ್ತಿಗೆ ಮದುಮಗಳು ನನ್ನ ಕೈ ಹಿಡಿದು ಒಳಜಗಲಿಗೆ ಕರಕೊಂಡು ಹೋದಳು. ಅಲ್ಲಿ ಗೋಡೆಗೆ ಒರಗಿ ಅವಳ ಅಜ್ಜಿ ಕೂತಿದ್ದರು. ಕೆಂಪು ಸೀರೆ, ತಲೆ ಮೇಲೆ ಸೆರಗು. ಗಂಡ ಹೋದ ಮೇಲೆ ಯಾವ ಶುಭಕಾರ್ಯದಲ್ಲೂ ಮುಂದೆ ಬಂದವರಲ್ಲ. ಒಂದೇ ಒಂದು ಫೋಟೋ ತೆಗೆಸಿಕೊಂಡವರೂ ಅಲ್ಲ. ಮೊಮ್ಮಗಳು ಬೇಡಿಕೊಂಡ ಮೇಲೆ ಅವತ್ತು ಒಪ್ಪಿದ್ದರು.

"ಕೂಸೇ, ಆ ಮಿಂಚು ಮಾತ್ರ ಬ್ಯಾಡ. ಕಣ್ಣಲ್ಲಿ ನೀರು ಬತ್ತು" ಅಂದರು.

ಸರಿ ಅಂತ ಫ್ಲ್ಯಾಶ್ ಬಿಚ್ಚಿಟ್ಟೆ. ಒಳಜಗಲಿಯಲ್ಲಿ ಸುಮಾರು ಹೊತ್ತು ಮಾತಾಡುತ್ತಾ ನಿಂತಿದ್ದೆ. ನನಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಅಜ್ಜಿಯ ಮುಖದ ಗೆರೆ, ಕಿವಿಯ ತೂತು, ಕಣ್ಣೊಳಗಿನ ಹೊಳಪು ಎಲ್ಲ. ಬೆಳಕು ಸಾಕಷ್ಟಿದೆ ಅಂದುಕೊಂಡು ಕಿಂಡಿ 5.6, ಶಟರು 1/125 ಇಟ್ಟು ಒಂದೇ ಒಂದು ತೆಗೆದೆ. ಕೊನೇ ರೋಲಿನ ಕೊನೇ ಫೋಟೋ ಅದು. ಅಂಗೈ ನೋಡಿಕೊಳ್ಳಲಿಲ್ಲ.

ಮರುದಿನ ರೋಲು ತೊಳೆದಾಗ ಆ ಚೌಕದಲ್ಲಿ ಏನೂ ಇದ್ದ ಹಾಗೆ ಇರಲಿಲ್ಲ. ಗಾಜಿನಷ್ಟು ತೆಳು. ಬೆಳಕಿಗೆ ಹಿಡಿದರೆ ಕೆನ್ನೆಯ ಒಂದು ಅಂಚು, ಹಣೆಯ ಒಂದು ಚೂರು. ಆ ಜಾಗಕ್ಕೆ ಬೇಕಿದ್ದದ್ದು ಕಿಂಡಿ 4, ಶಟರು 1/30. ನಾನು ಕೊಟ್ಟಿದ್ದು ಮೂರು ಮೆಟ್ಟಿಲು ಕಡಿಮೆ, ಅಂದರೆ ಬೇಕಾದ ಬೆಳಕಿನ ಎಂಟರಲ್ಲಿ ಒಂದು ಪಾಲು.

ಅಪ್ಪ ಬಯ್ಯಲಿಲ್ಲ. ಆ ಫೋಟೋ ಬಿಟ್ಟು ಉಳಿದದ್ದರ ಆಲ್ಬಂ ಮಾಡಿ ಕಳಿಸಿದರು. ಮಳೆಗಾಲ ಮುಗಿಯುವುದರೊಳಗೆ ಆ ಅಜ್ಜಿ ತೀರಿಕೊಂಡರು. ಹನ್ನೊಂದರ ದಿನಕ್ಕೆ ಇಡಲು ಫೋಟೋ ಬೇಕು ಅಂತ ಮದುಮಗಳೇ ಸ್ಟುಡಿಯೋಗೆ ಬಂದಳು. ಅಪ್ಪ ಆ ನೆಗೆಟಿವ್ ಹುಡುಕಿ, ಇದ್ದದ್ದರಲ್ಲಿ ಅತಿ ಗಡಸು ಪೇಪರ್ ಹಾಕಿ ಪ್ರಿಂಟ್ ಮಾಡಲು ಕೂತರು. ಕಪ್ಪು ಬಿಳುಪಿನ ಅಂತರ ಹೆಚ್ಚಿಸುವ ಪೇಪರ್ ಅದು. ಎಷ್ಟೋ ಹಾಳೆ ಹಾಳಾಯಿತು. ಕೊನೆಗೆ ಹಣೆ ಬಂತು, ಮೂಗು ಬಂತು, ಸೆರಗಿನ ಅಂಚು ಬಂತು. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ ಉಳಿದವು. ಫಿಲ್ಮಿನ ಮೇಲೆ ಬೀಳದೇ ಇದ್ದದ್ದನ್ನು ಪೇಪರಿನ ಮೇಲೆ ಯಾರೂ ತರಲಾರರು.

ಆ ಹುಡುಗಿ ಫೋಟೋ ಹಿಡಿದು ಸುಮಾರು ಹೊತ್ತು ನೋಡಿದಳು. "ಅಜ್ಜಿ ಕಣ್ಣೇ ಇಲ್ಲವಲ್ಲ" ಅಂದಳು, ಅಷ್ಟೇ. ಅದನ್ನೇ ಚೌಕಟ್ಟು ಹಾಕಿಸಿಕೊಂಡು ಹೋದಳು. ಅಪ್ಪ ದುಡ್ಡು ತಗೊಳ್ಳಲಿಲ್ಲ.

ಕಣ್ಣು ಯಾಕೆ ಮೋಸ ಮಾಡುತ್ತೆ?

ಅವತ್ತು ಸಂಜೆ ಅಪ್ಪ ಕೇಳಿದರು, "ಮಧ್ಯಾಹ್ನದ ಶೋಗೆ ಟಾಕೀಸಿಗೆ ಹೋದ್ರೆ ಮೊದಲು ಏನಾಗತ್ತೆ?"

"ಏನೂ ಕಾಣಲ್ಲ, ಕುರ್ಚಿ ತಡವರಿಸಬೇಕು."

"ಐದು ನಿಮಿಷ ಬಿಟ್ಟು?"

"ಪಕ್ಕದಲ್ಲಿ ಯಾರು ಕೂತಿದಾರೆ ಅಂತಾನೂ ಕಾಣತ್ತೆ."

"ಟಾಕೀಸಿನಲ್ಲಿ ಬೆಳಕು ಜಾಸ್ತಿ ಆಯ್ತಾ?"

ಅಲ್ಲಿಗೆ ನನಗೆ ಅರ್ಥವಾಯಿತು. ಕಣ್ಣು ಒಳ್ಳೇ ಸೇವಕ, ಕೆಟ್ಟ ತಕ್ಕಡಿ. ಕತ್ತಲಾದರೆ ಪಾಪೆ ಅಗಲ ಮಾಡುತ್ತದೆ, ಒಳಗಿನ ಪರದೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ನಮಗೆ ತೊಂದರೆ ಆಗಬಾರದು ಅಂತ ಎಲ್ಲವನ್ನೂ ಸರಿದೂಗಿಸಿ ತೋರಿಸುತ್ತದೆ. ಫಿಲ್ಮಿಗೆ ಆ ಬುದ್ಧಿ ಇಲ್ಲ. ಅದಕ್ಕೆ ಬಿದ್ದಷ್ಟೇ ಬೆಳಕು.

ಹಾಗಾಗಿ 'ಬೆಳಕು ಎಷ್ಟಿದೆ' ಅಂತ ಕಣ್ಣನ್ನು ಕೇಳಬಾರದು. 'ನೆರಳು ಹೇಗಿದೆ' ಅಂತ ಕೇಳಬೇಕು. ನೆರಳಿನ ಅಂಚು ಚೂಪಾಗಿದೆಯೋ, ಮಸುಕಾಗಿದೆಯೋ, ಇಲ್ಲವೇ ಇಲ್ಲವೋ ಅನ್ನುವುದನ್ನು ಕಣ್ಣು ತಪ್ಪದೇ ಹೇಳುತ್ತದೆ. ಅಪ್ಪ ಅಂಗೈ ನೋಡುತ್ತಿದ್ದದ್ದು ಅದಕ್ಕೇ.

ಆಮೇಲೆ ಒಂದು ನೋಟ್‌ಬುಕ್ ಕೊಟ್ಟರು. ಎರಡು ತಿಂಗಳು ನನಗೆ ಕ್ಯಾಮೆರಾ ಇಲ್ಲ. ದಿನಕ್ಕೆ ನಾಲ್ಕು ಸಲ, ಬಸ್ ಸ್ಟ್ಯಾಂಡು, ದೇವಸ್ಥಾನದ ಕೆರೆ, ಯಾರದ್ದಾದರೂ ತೋಟ, ನಮ್ಮ ಮನೆ ಜಗಲಿ ಹೀಗೆ ಒಂದೊಂದು ಕಡೆ ನಿಂತು ನಂಬರ್ ಬರೆಯಬೇಕು. ರಾತ್ರಿ ಅಪ್ಪ ತಿದ್ದುತ್ತಿದ್ದರು. ಮೊದಲ ವಾರ ಪುಟ ಪೂರ್ತಿ ಕೆಂಪು ಶಾಯಿ. ಎರಡನೇ ತಿಂಗಳ ಕೊನೆಗೆ ದಿನಕ್ಕೆ ಒಂದು ತಪ್ಪು.

ನೆರಳು ನೋಡಿ, ನಂಬರ್ ಇಡಿ

ಆ ನೋಟ್‌ಬುಕ್ಕಿನ ಮೊದಲ ಪುಟ ಇದು. ಶಟರು ಫಿಲ್ಮಿನ ವೇಗಕ್ಕೆ ಸಮ ಇಟ್ಟುಕೊಂಡರೆ:

• ಕಡಲ ತೀರದ ಮರಳು, ಕಣ್ಣು ಕೋರೈಸುವ ಬಿಸಿಲು: 22
• ತಿಳಿ ಬಿಸಿಲು, ಚಾಕುವಿನಿಂದ ಕೊಯ್ದಂಥ ನೆರಳು: 16
• ತೆಳು ಮೋಡ, ನೆರಳಿನ ಅಂಚು ಮೆತ್ತಗೆ: 11
• ಮೋಡ, ನೆರಳು ಇದೆಯೋ ಇಲ್ಲವೋ ಅನ್ನುವಷ್ಟು: 8
• ದಟ್ಟ ಮೋಡ, ನೆರಳೇ ಇಲ್ಲ: 5.6
• ಜಗಲಿಯ ಅಂಚು, ಮನೆಯ ನೆರಳು, ಮೇಲೆ ತೆರೆದ ಆಕಾಶ: 4

ಬೆಳಗ್ಗೆ ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ, ಸಂಜೆ ಮುಳುಗುವ ಮುಂಚಿನ ಎರಡು ಗಂಟೆ ಈ ಲೆಕ್ಕ ಹಿಡಿಯುವುದಿಲ್ಲ. ಆಗ ಇನ್ನೂ ಕೆಳಗೆ ಇಳಿಯಬೇಕು. ಬಿಸಿಲು ಪಕ್ಕದಿಂದ ಬಿದ್ದರೆ ಒಂದು ಮೆಟ್ಟಿಲು, ಬೆನ್ನ ಹಿಂದಿನಿಂದ ಬಿದ್ದು ಮುಖ ನೆರಳಲ್ಲಿದ್ದರೆ ಎರಡು ಮೆಟ್ಟಿಲು ಹೆಚ್ಚು ತೆರೆಯಬೇಕು. ಜಗಲಿಯ ಅಂಚು ಬಿಟ್ಟು ಒಳಗೋಡೆಗೆ ಸರಿದರೆ ಇನ್ನೆರಡು. ಆ ಅಜ್ಜಿ ಕೂತಿದ್ದದ್ದು ಅಲ್ಲಿ. ಆ ಸಾಲಿನ ಕೆಳಗೆ ನಾನು ಎರಡು ಗೆರೆ ಎಳೆದಿದ್ದೇನೆ.

ಹುಣ್ಣಿಮೆ ಚಂದ್ರನಿಗೆ ಎಷ್ಟು ಗೊತ್ತಾ? 11! ಅಂದರೆ ಹೆಚ್ಚು ಕಡಿಮೆ ಹಗಲಿನ ಲೆಕ್ಕವೇ. ನನಗೆ ನಂಬಿಕೆ ಬರಲಿಲ್ಲ. "ನಾವು ಕತ್ತಲಲ್ಲಿ ನಿಂತಿದೀವಿ ಕಣೇ, ಅವನು ಬಿಸಿಲಲ್ಲೇ ಇದಾನೆ" ಅಂದರು ಅಪ್ಪ.

ಮೀಟರೂ ಮೋಸ ಹೋಗುತ್ತೆ

ಈಗ ಮೊಬೈಲೇ ಎಲ್ಲ ಮಾಡುತ್ತಲ್ಲ, ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. ಮಗನೂ ಕೇಳಿದ.

ಕ್ಯಾಮೆರಾದೊಳಗಿನ ಮೀಟರ್ ಅಳೆಯುವುದು ವಸ್ತುವಿಗೆ ಬಡಿದು ವಾಪಸ್ ಬರುವ ಬೆಳಕನ್ನು. ಎದುರಿಗಿರುವುದೆಲ್ಲ ಸರಾಸರಿ ಬೂದು ಬಣ್ಣದ್ದು ಅಂತ ಅದರ ನಂಬಿಕೆ. ಎಮ್ಮೆ ಫೋಟೋ ತೆಗೆದರೆ ಎಮ್ಮೆಯನ್ನು ಬೂದು ಮಾಡುತ್ತದೆ. ಬಿಳಿ ಸೀರೆ ತುಂಬಿಕೊಂಡರೆ ಅದನ್ನೂ ಬೂದು ಮಾಡುತ್ತದೆ. ನೆರಳಿನ ಲೆಕ್ಕ ನೋಡುವುದು ವಸ್ತುವಿನ ಮೇಲೆ ಬೀಳುವ ಬೆಳಕನ್ನು. ಅದಕ್ಕೆ ಎಮ್ಮೆಯೂ ಒಂದೇ, ಕೊಕ್ಕರೆಯೂ ಒಂದೇ. ಹಾಗಾಗಿ ಎಮ್ಮೆ ಕಪ್ಪಾಗಿ, ಕೊಕ್ಕರೆ ಬೆಳ್ಳಗೆ ಬರುತ್ತದೆ. ಈಗಿನ ಮೊಬೈಲು ಜಾಣ, ಎಷ್ಟೋ ಸಲ ತಾನೇ ತಿದ್ದಿಕೊಳ್ಳುತ್ತದೆ. ಆದರೂ ಮಗುವಿನ ಮುಖ ಕಪ್ಪಾಗಿ ಹಿಂದಿನ ಕಿಟಕಿ ಮಾತ್ರ ಬೆಳಗುವ ಫೋಟೋ ನಿಮ್ಮ ಮೊಬೈಲಿನಲ್ಲೂ ಇದ್ದೇ ಇರುತ್ತದೆ. ಆಗ ಪರದೆಯಲ್ಲಿ ಮಗುವಿನ ಮುಖದ ಮೇಲೆ ಬೆರಳು ಒತ್ತಿ, ಬೆಳಕು ಹೆಚ್ಚಿಸಿ. ಇಲ್ಲವೇ ಮಗುವನ್ನೇ ಕಿಟಕಿ ಕಡೆ ತಿರುಗಿಸಿ.

ಇನ್ನೊಂದು ಮಾತು. ಕಪ್ಪು ಬಿಳುಪಿನ ಫಿಲ್ಮಾಗಲಿ, ಬಣ್ಣದ ನೆಗೆಟಿವ್ ಆಗಲಿ, ಒಂದೆರಡು ಮೆಟ್ಟಿಲು ಬೆಳಕು ಹೆಚ್ಚಾದರೆ ಸಹಿಸಿಕೊಳ್ಳುತ್ತದೆ, ಕಡಿಮೆಯಾದರೆ ಸಹಿಸುವುದಿಲ್ಲ. "ಅನುಮಾನ ಬಂದ್ರೆ ಒಂದು ಮೆಟ್ಟಿಲು ತೆರೆ" ಅನ್ನುವುದು ಅಪ್ಪನ ಮಾತು. ಡಿಜಿಟಲ್ ಕ್ಯಾಮೆರಾ, ಸ್ಲೈಡ್ ಫಿಲ್ಮ್ ಇದಕ್ಕೆ ಉಲ್ಟಾ. ಅಲ್ಲಿ ಬೆಳಕು ಹೆಚ್ಚಾಗಿ ಬೆಳ್ಳಗೆ ಸುಟ್ಟುಹೋದ ಜಾಗ ಮತ್ತೆ ಬರುವುದಿಲ್ಲ. ಅನುಮಾನ ಬಂದರೆ ಅರ್ಧ ಮೆಟ್ಟಿಲು ಮುಚ್ಚಬೇಕು.

ಅಜ್ಜಿಯ ಫೋಟೋ ಆದ ಮೇಲೆ ನಮ್ಮ ಚೀಲಕ್ಕೆ ಇನ್ನೊಂದು ಸಾಮಾನು ಸೇರಿತು. ಅಪ್ಪನ ಒಗೆದ ಬಿಳಿ ಪಂಚೆ. ಫ್ಲ್ಯಾಶ್ ಬೇಡ ಅಂದವರ ಎದುರಿಗೆ ಅದನ್ನು ಬಿಡಿಸಿ ಹಿಡಿದರೆ ಅಂಗಳದ ಬೆಳಕು ಮುಖಕ್ಕೆ ಬಡಿಯುತ್ತದೆ, ಕಣ್ಣಿನ ಗುಳಿ ತುಂಬುತ್ತದೆ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಸಿನಿಮಾಕ್ಕೆ ದೊಡ್ಡ ಕನ್ನಡಿ ಇಟ್ಟು ಹೊರಗಿನ ಬಿಸಿಲನ್ನು ಸ್ಟುಡಿಯೋ ಒಳಗೆ ತಂದ ಕತೆಯನ್ನು ಅಪ್ಪ ಆಗಾಗ ಹೇಳುತ್ತಿದ್ದರು. "ಅವರಿಗೆ ಕನ್ನಡಿ, ನಮಗೆ ಪಂಚೆ" ಅಂತ ನಗುತ್ತಿದ್ದರು.

ಮೊನ್ನೆ ಬಂದ ಕವರು

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ದೀಪಾವಳಿಯ ಆ ದಿನ ಅಂಗಳದಲ್ಲಿ ಮೊಮ್ಮಗನ ಅಂಗೈ ಹಿಡಿದು, ಬೆರಳಿಟ್ಟು, "ಏನ್ ಕಾಣತ್ತೆ?" ಅಂದರು.

"ಚೂಪು ನೆರಳು ಅಜ್ಜ."

"ಹದಿನಾರು. ಇನ್ನು ಈ ಕಡೆ ಬಾ."

ಒಂದು ಗಂಟೆ ಹೊತ್ತು ಇಬ್ಬರೂ ತೋಟ, ಅಂಗಳ, ಜಗಲಿ ಸುತ್ತಿದರು. ಕೊನೆಗೆ ಅಪ್ಪ ಸುಸ್ತಾಗಿ ಜಗಲಿಯ ಒಳಗೋಡೆಗೆ ಒರಗಿ ಕೂತರು. ಮಗ ಕ್ಯಾಮೆರಾ ನನ್ನ ಕೈಗೆ ಕೊಟ್ಟ. ರೋಲಿನಲ್ಲಿ ಒಂದೇ ಉಳಿದಿತ್ತು. ನಾನು ಕಿಂಡಿ 4ಕ್ಕೆ ತಂದೆ, ಶಟರು 1/30. ಕೈ ಅಲುಗಬಾರದು ಅಂತ ಕಂಬಕ್ಕೆ ಆನಿಸಿಕೊಂಡೆ. ಮಗ ಟವೆಲ್ ಬಿಡಿಸಿ ಹಿಡಿದ.

ಮೊನ್ನೆ ಅವನು ಪ್ರಿಂಟ್ ಕಳಿಸಿದ್ದಾನೆ. ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ, ಕಿಟಕಿ ಹತ್ತಿರ ಒಯ್ದು, ಎಷ್ಟೋ ಹೊತ್ತು ನೋಡಿದರು.

"ಕಣ್ಣು ಬಂದಿದೆ" ಅಂದರು.

ಆ ಮದುಮಗಳು ಈಗ ಎಲ್ಲಿದ್ದಾಳೋ. ಅವಳೂ ಅಜ್ಜಿ ಆಗಿರಬಹುದು. ಈ ಅಂಕಣ ಓದುವವರಲ್ಲಿ ಅವಳೂ ಒಬ್ಬಳಾಗಿದ್ದರೆ, ಅವತ್ತು ಹೇಳಲಾಗದ್ದನ್ನು ಇವತ್ತು ಹೇಳುತ್ತೇನೆ. ತಪ್ಪು ಕ್ಯಾಮೆರಾದ್ದಲ್ಲ, ಜಗಲಿಯ ಕತ್ತಲದ್ದೂ ಅಲ್ಲ, ನನ್ನದು.

ನಿಮ್ಮ ಮನೆ ಅಟ್ಟದಲ್ಲೂ ಹಳೇ ಕ್ಯಾಮೆರಾ ಇದ್ದರೆ ಇಳಿಸಿ, ಮೀಟರ್ ಸತ್ತಿದ್ದರೆ ಬಿಡಿ. ಕ್ಯಾಮೆರಾ ಇಲ್ಲದಿದ್ದರೂ ನಾಳೆ ಬೆಳಗ್ಗೆ ಅಂಗಳಕ್ಕೆ ಹೋಗಿ ಒಮ್ಮೆ ಅಂಗೈ ಮೇಲೆ ಬೆರಳಿಟ್ಟು ನೋಡಿ. ಆಮೇಲೆ ಮನೆಯ ಹಿರಿಯರನ್ನು ಜಗಲಿಯಲ್ಲಿ ಕೂರಿಸಿ, ಮುಖ ಬೆಳಕಿನ ಕಡೆ ತಿರುಗಿಸಿ, ಒಂದು ಫೋಟೋ ತೆಗೆಯಿರಿ. ಎರಡು ತೆಗೆದರೆ ಇನ್ನೂ ಒಳ್ಳೆಯದು.